ಬೂಟ್ ಮೀಮಾಂಸೆ: ಏಳದ ಕಂಪ್ಯೂಟರನ್ನು ಕುರಿತು ಒಂದು ಶಾಸ್ತ್ರವಿಚಾರ

ಗುಂಡಿ ಒತ್ತಿದರೂ ಏಳದ ಕಂಪ್ಯೂಟರಿನ ಬಗ್ಗೆ ನಮ್ಮಲ್ಲಿರುವ ಜ್ಞಾನವೆಲ್ಲ ಮೌಖಿಕ ಪರಂಪರೆಗೆ ಸೇರಿದ್ದು. ಆಫೀಸಿನಲ್ಲಿ ಯಾರದೋ ಪರದೆ ಕಪ್ಪಾಗಿ ನಿಂತಿತೆಂದರೆ ಸುತ್ತಲೂ ಆಚಾರ್ಯರು ನೆರೆಯುತ್ತಾರೆ, ತಲೆಗೊಂದು ಸಿದ್ಧಾಂತ ಮಂಡನೆಯಾಗುತ್ತದೆ, ಕಾಫಿ ಬಂದೊಡನೆ ಸಭೆ ಬರಖಾಸ್ತಾಗುತ್ತದೆ. ಈ ವಿದ್ಯೆ ಬರಹಕ್ಕಿಳಿಯದೆ ನಷ್ಟವಾಗಬಾರದೆಂದು ಈ ಪ್ರಬಂಧ. ಇದನ್ನು ಓದಲು ಅಧಿಕಾರಿ ಯಾರೆಂದರೆ, ತನ್ನ ಫೈಲುಗಳ ಇನ್ನೊಂದು ಪ್ರತಿಯನ್ನು ಬೇರೆಲ್ಲೂ ಇಟ್ಟುಕೊಳ್ಳದವನು. ಇಟ್ಟುಕೊಂಡವನಿಗೆ ಆಗಲೇ ವೈರಾಗ್ಯ ಸಿದ್ಧಿಸಿದೆ. ಅವನಿಗೆ ಶಾಸ್ತ್ರ ಬೇಡ.

ಮೊದಲು ಲಕ್ಷಣ. ‘ಕಂಪ್ಯೂಟರ್ ಸ್ಟಾರ್ಟ್ ಆಗ್ತಿಲ್ಲ’ ಎಂಬ ಲೋಕವಾಕ್ಯದಲ್ಲಿ ಮೂರು ಅವಸ್ಥೆಗಳು ಅಡಗಿವೆ. ಪವರ್ರೇ ಇಲ್ಲದ್ದು ಸುಷುಪ್ತಿ. ಫ್ಯಾನ್ ತಿರುಗುತ್ತಿದ್ದೂ ಡಿಸ್‌ಪ್ಲೇ ಬಾರದ್ದು ಸ್ವಪ್ನ. ಲೋಗೋ ಬಂದು, ಚುಕ್ಕೆಗಳು ಸುತ್ತಿ ಸುತ್ತಿ, ಮುಂದಕ್ಕೆ ಹೋಗದೆ ನಿಲ್ಲುವುದು ಜಾಗೃತಾಭಾಸ. ಸುಷುಪ್ತಿಯ ಬಹುಪಾಲು ಪ್ರಕರಣಗಳು ಬೆಳಿಗ್ಗೆ ಕಸ ಗುಡಿಸುವಾಗ ಕಳಚಿದ ಪ್ಲಗ್ಗಿನಲ್ಲಿ ಪರ್ಯವಸಾನವಾಗುವುದರಿಂದ ಇಲ್ಲಿ ವಿಸ್ತರಿಸಿಲ್ಲ.

ಪಂಡಿತರು ಜಾರುವುದು ಸ್ವಪ್ನಾವಸ್ಥೆಯಲ್ಲಿ. ‘ಫ್ಯಾನ್ ತಿರುಗ್ತಿದೆಯಲ್ಲ ಸರ್, ಬೋರ್ಡ್ ಚೆನ್ನಾಗೇ ಇದೆ’ ಎಂಬ ಅನುಮಾನ, ಹೊಗೆ ಕಂಡು ಬೆಂಕಿ ಊಹಿಸುವ ಧಾಟಿಯದೇ. ಆದರೆ ಹೇತುವಿನ ನಡತೆ ಸರಿಯಿಲ್ಲ. ಫ್ಯಾನಿಗೆ ಬೇಕಾದ್ದು 12 ವೋಲ್ಟು, ಅಷ್ಟೆ. ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ತನ್ನ ವೋಲ್ಟೇಜುಗಳೆಲ್ಲ ಸ್ಥಿರವಾದ ಮೇಲೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ‘ಪವರ್ ಗುಡ್’ ಎಂಬ 5 ವೋಲ್ಟಿನ ಸಂಕೇತ ಕಳಿಸಬೇಕು. ಅದು ಬರುವ ತನಕ ಪ್ರೊಸೆಸರನ್ನು ರಿಸೆಟ್‌ನಲ್ಲೇ ಹಿಡಿದಿಟ್ಟಿರುತ್ತಾರೆ. ಪ್ರೊಸೆಸರ್ ಒಂದೇ ಒಂದು ಆಜ್ಞೆ ಓದದೆ ಕೂತಿದ್ದರೂ ಫ್ಯಾನ್ ದಿನವಿಡೀ ಸದ್ದು ಮಾಡಿಕೊಂಡು ತಿರುಗಬಲ್ಲದು. (ಇಂಥವು ಆಫೀಸಿನಲ್ಲಿ ಕ್ಯಾಬಿನೆಟ್ಟಿನ ಹೊರಗೂ ಇವೆ, ವಿಷಯಾಂತರ ಬೇಡ.)

ಪರದೆ ಕಪ್ಪಾಗಿರುವಾಗ ಪ್ರತ್ಯಕ್ಷಕ್ಕೆ ಅವಕಾಶವಿಲ್ಲ. ಅನುಮಾನದ ಗತಿ ಈಗಷ್ಟೇ ಕಂಡೆವು. ಉಳಿದದ್ದು ಶಬ್ದಪ್ರಮಾಣ, ಅಂದರೆ ಬೀಪ್. 1981ರ ಐಬಿಎಂ ಪಿಸಿಯಿಂದ ಹರಿದುಬಂದ ಸಂಪ್ರದಾಯವಿದು. ಯಂತ್ರ ಎದ್ದೊಡನೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಪರದೆ ಇನ್ನೂ ಕೈಗೆಟುಕದ ಹೊತ್ತಿನಲ್ಲಿ, ಕಂಡ ದೋಷವನ್ನು ಪುಟ್ಟ ಸ್ಪೀಕರಿನಲ್ಲಿ ಕೂಗಿ ಹೇಳುತ್ತದೆ. ಆದರೆ ಇಲ್ಲಿ ಶಾಖಾಭೇದವುಂಟು. ಐಬಿಎಂ ಶಾಖೆಯಲ್ಲಿ ಒಂದು ಗಿಡ್ಡ ಬೀಪ್ ಎಂದರೆ ಎಲ್ಲ ಕ್ಷೇಮ. ಹಳೆಯ ಎಎಂಐ ಶಾಖೆಯ ಪಟ್ಟಿಯಲ್ಲಿ ಅದೇ ಒಂದು ಬೀಪ್, ಮೆಮೊರಿಯ ರಿಫ್ರೆಶ್ ಕೆಟ್ಟಿದೆ ಎಂಬ ದುರ್ವಾರ್ತೆ. ಆದಕಾರಣ ಬೀಪಿಗೆ ಅರ್ಥ ಹೇಳುವ ಮುನ್ನ ಅದನ್ನು ಕೂಗಿಸುವ ಬಯಾಸಿನ ಗೋತ್ರ ವಿಚಾರಿಸತಕ್ಕದ್ದು. ಈಚೆಗೆ ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಸ್ಪೀಕರನ್ನೇ ಕೊಡುವುದಿಲ್ಲ. ಶ್ರುತಿ ಲೋಪವಾಗಿದೆ, ಭಾಷ್ಯಕಾರರಿಗೇನೂ ಕೊರತೆಯಿಲ್ಲ.

ಪರದೆಯಲ್ಲಿ ಅಕ್ಷರ ಮೂಡಿದರೂ ಸಂಕಟ ತೀರದು. ‘ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿರಿ’ ಎಂಬ ಹಳೆಯ ಬಯಾಸ್ ವಾಕ್ಯ ತರ್ಕಶಾಸ್ತ್ರದ ‘ನನ್ನ ತಾಯಿ ಬಂಜೆ’ ಎಂಬ ಉದಾಹರಣೆಯನ್ನು ಮೀರಿಸುವ ವದತೋವ್ಯಾಘಾತ. ಕೀಬೋರ್ಡನ್ನು ಸಿಕ್ಕಿಸಿ ಒತ್ತು ಎಂದು ಅಧ್ಯಾಹಾರ ಮಾಡಿಕೊಂಡರೆ ವಾಕ್ಯಕ್ಕೆ ದೋಷವಿಲ್ಲ ಎಂಬುದು ಸಮಾಧಾನ.

ಇದೇ ಎಫ್1 ಕೀಲಿಗೆ ಇನ್ನೊಂದು ವಿನಿಯೋಗವಿದೆ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ನಾಣ್ಯದಂಥ ಸೆಲ್ ಕೂತಿರುತ್ತದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಅದು ತೀರಿಕೊಂಡರೆ ಯಂತ್ರ ಪ್ರತಿ ಬೆಳಿಗ್ಗೆ ಯಾವುದೋ ಹಳೆಯ ಇಸವಿಯಲ್ಲಿ ಕಣ್ಣುಬಿಟ್ಟು, ಎಫ್1 ಕೇಳಿ, ನಿಲ್ಲುತ್ತದೆ. ಒತ್ತಿದರೆ ವಿಂಡೋಸ್ ಬರುತ್ತದೆ, ಆದರೆ ಬ್ಯಾಂಕಿನ ಪುಟ ತೆರೆಯುವುದಿಲ್ಲ. ಸೈಟಿನ ಪ್ರಮಾಣಪತ್ರ ಆ ಯಂತ್ರದ ಪಾಲಿಗೆ ಇನ್ನೂ ಹುಟ್ಟಿಲ್ಲ. ಮಸಾಲೆ ದೋಸೆಯಷ್ಟೂ ಬೆಲೆಯಿಲ್ಲದ ಆ ಸೆಲ್ ಬದಲಿಸುವ ಬದಲು, ದಿನಾ ಎಫ್1 ಒತ್ತಿ, ತಾರೀಖು ತಿದ್ದಿ, ಕುರ್ಚಿಗೆ ಟವೆಲ್ ಹಾಸುವುದನ್ನು ನಿತ್ಯಕರ್ಮವೆಂದು ಸ್ವೀಕರಿಸಿದ ಗುಮಾಸ್ತರು ನಾಡಿನಲ್ಲಿ ಅನೇಕರು. ನಿತ್ಯಕರ್ಮಕ್ಕೆ ಫಲವಿಲ್ಲ, ಬಿಟ್ಟರೆ ಮಾತ್ರ ಪಾಪ ಎಂಬ ಮೀಮಾಂಸಕರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇನ್ನು ಚಿಕಿತ್ಸೆ. ಮತಗಳು ಮುಖ್ಯವಾಗಿ ಮೂರು.

ವೈರಸ್‌ವಾದಿಗಳಿಗೆ ಸಕಲ ದೋಷವೂ ವೈರಸ್, ಸಕಲ ಔಷಧವೂ ‘ಫಾರ್ಮ್ಯಾಟ್ ಹೊಡೆಯೋದು’. ಡಿಸ್ಕನ್ನೇ ಇನ್ನೂ ಮುಟ್ಟದ ಹಂತದಲ್ಲಿ ಡಿಸ್ಕಿನ ವೈರಸ್ ಏನು ಮಾಡೀತು ಎಂದು ಕೇಳಿದರೆ, ಓದಿಕೊಂಡ ವೈರಸ್‌ವಾದಿ 1999ರ ಏಪ್ರಿಲ್ 26ರ ಸಿಐಎಚ್ ವೈರಸ್ಸನ್ನು ಮುಂದಿಡುತ್ತಾನೆ. ಅದು ಬಯಾಸ್ ಚಿಪ್ಪನ್ನೇ ಅಳಿಸಿ ಯಂತ್ರಗಳನ್ನು ಮಲಗಿಸಿದ್ದು ನಿಜ. ಒಪ್ಪೋಣ. ಹಾಗೆ ಚಿಪ್ಪೇ ಅಳಿಸಿಹೋದ ಯಂತ್ರವನ್ನು ಫಾರ್ಮ್ಯಾಟ್ ಹೇಗೆ ಹೊಡೆಯುವುದು ಎಂಬಲ್ಲಿ ಆತ ಮೌನಿ.

ರಬ್ಬರ್‌ವಾದಿಗಳು ಗಂಭೀರ ಜನ. ಕ್ಯಾಬಿನೆಟ್ಟಿನ ಪಕ್ಕದ ತಗಡು ಸರಿಸಿ, ಧೂಳು, ಹಲ್ಲಿಮೊಟ್ಟೆ, ಆಯುಧಪೂಜೆಯಂದು ಜಾಲರಿಯೊಳಗೆ ಇಳಿದ ಅರಿಶಿನ ಕುಂಕುಮ ಇವನ್ನೆಲ್ಲ ಉಫ್ ಎಂದು ಊದುತ್ತಾರೆ. ರ‍್ಯಾಮ್‌ನ ಎರಡೂ ತುದಿಯ ಕ್ಲಿಪ್ಪು ಬಿಡಿಸಿ, ಹೊರತೆಗೆದು, ಹಲ್ಲುಹಲ್ಲಾಗಿರುವ ಚಿನ್ನದ ಲೇಪದ ಅಂಚನ್ನು ಶಾಲೆಮಕ್ಕಳ ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ತಿಕ್ಕಿ, ರಬ್ಬರ್ ಪುಡಿ ಕೊಡವಿ, ಮತ್ತೆ ಕೂರಿಸಿ ಹೆಬ್ಬೆರಳಲ್ಲಿ ಅದುಮುತ್ತಾರೆ. ಟಕ್ ಎನ್ನಬೇಕು, ಎರಡೂ ಕಡೆ ಎನ್ನಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ಮತಕ್ಕೆ ಅನುಯಾಯಿಗಳು ಹೆಚ್ಚು. ಆಕ್ಷೇಪ: ತೆಗೆದು ಹಾಕುವಾಗಲೇ ಲೋಹಕ್ಕೆ ಲೋಹ ಉಜ್ಜಿ ಸಂಪರ್ಕ ಶುದ್ಧವಾಗುತ್ತದೆ, ಮೇಲಾಗಿ ರಬ್ಬರ್ ತೆಳು ಚಿನ್ನವನ್ನು ಸವೆಸುತ್ತದೆ, ಹಾಗಾದರೆ ರಬ್ಬರ್ ಏತಕ್ಕೆ? ಸಮಾಧಾನ: ಬರೀ ತೆಗೆದು ಹಾಕಿದರೆ ಗಿರಾಕಿ ದುಡ್ಡು ಕೊಡುವುದಿಲ್ಲ.

ಮೂರನೆಯದು ಪುನರ್ಜನ್ಮವಾದ, ಅಂದರೆ ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ’. ವಿದ್ವಾಂಸರು ಇದನ್ನು ಬಹುಕಾಲ ತುಚ್ಛವಾಗಿ ಕಂಡರು. ಪುನರ್ಜನ್ಮದಿಂದ ತೊಳೆದುಹೋಗುವುದು ರ‍್ಯಾಮ್‌ನಲ್ಲಿರುವುದು ಮಾತ್ರ, ಡಿಸ್ಕಿನಲ್ಲಿರುವ ಸಂಚಿತ ಕರ್ಮ ಹಾಗೇ ಉಳಿಯುತ್ತದೆ ಎಂಬುದು ಅವರ ವಾದ. 2024ರ ಜುಲೈ 19ರಂದು ಆ ವಾದ ಬಿದ್ದುಹೋಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಶಾಸ್ತ್ರೋಕ್ತ ಪರಿಹಾರವೆಂದರೆ ಒಂದೊಂದೇ ಯಂತ್ರವನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಅಪ್‌ಡೇಟಿನ ಫೈಲನ್ನು ಅಳಿಸುವುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಮೊದಲು 48 ಅಂಕಿಗಳ ರಿಕವರಿ ಕೀ ಬೇಕು. ಅದನ್ನು ಜೋಪಾನವಾಗಿ ಇಟ್ಟ ಸರ್ವರ್ ಸಹ ಎದ್ದಿರಬೇಕು. ಇಂಥ ಸಮಯದಲ್ಲಿ ಮೈಕ್ರೋಸಾಫ್ಟೇ ತನ್ನ ಕ್ಲೌಡ್ ಗಿರಾಕಿಗಳಿಗೆ ಹೇಳಿತು: ರೀಸ್ಟಾರ್ಟ್ ಮಾಡುತ್ತ ಹೋಗಿ, 15 ಸಲ ಮಾಡಿ ಗೆದ್ದವರಿದ್ದಾರೆ. ಯಂತ್ರ ಕುಸಿಯುವ ಮುಂಚಿನ ಕ್ಷಣದಲ್ಲಿ ನೆಟ್‌ವರ್ಕ್ ಎದ್ದುಕೊಂಡರೆ ತಿದ್ದಿದ ಫೈಲ್ ಇಳಿದುಬಿಡುತ್ತಿತ್ತು. ಸಂಚಿತವೂ ಕಳೆಯಿತು. ಗುಮಾಸ್ತರು ಯಾವ ಕಾರಣವನ್ನೂ ಕೇಳದೆ ಹಿಂದಿನಿಂದಲೂ ಮಾಡುತ್ತಿದ್ದುದಕ್ಕೆ ಅಂದು ಹೀಗೆ ಭಾಷ್ಯ ದೊರೆಯಿತು.

ಯಾವ ಮತದ ಚಿಕಿತ್ಸೆಯಿಂದ ಯಂತ್ರ ಎದ್ದಿತೆಂಬ ನಿರ್ಣಯ ಮಾತ್ರ ಕಷ್ಟ. ಪ್ಲಗ್ ಅಲುಗಿಸಿದವರು, ರ‍್ಯಾಮ್ ತಿಕ್ಕಿದವರು, ಗುಂಡಿಯನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿದವರು, ಕ್ಯಾಬಿನೆಟ್ಟಿಗೆ ಕೈಮುಗಿದವರು ಎಲ್ಲರೂ ಹಕ್ಕು ಸಾಧಿಸುತ್ತಾರೆ. ಬಿಲ್ಲಿನಲ್ಲಿ ‘ಮದರ್‌ಬೋರ್ಡ್ ಸರ್ವಿಸ್’ ಎಂದಷ್ಟೇ ಬರೆದಿರುತ್ತದೆ. ಸರ್ವಿಸ್ ಹುಡುಗನ ಅಭಿಪ್ರಾಯ ಪಡೆಯೋಣವೆಂದರೆ ಅಷ್ಟರಲ್ಲಿ ಅವನನ್ನು ಪಕ್ಕದ ಕೋಣೆಯವರು ಪ್ರಿಂಟರ್ ನೋಡಲು ಕರೆದೊಯ್ದಿರುತ್ತಾರೆ. ಪ್ರಿಂಟರ್ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.