ಇಣುಕುಶಾಸ್ತ್ರ ಪ್ರವೇಶಿಕೆ

ಪರರ ಮೆಸೇಜು ಓದುವ ವಿದ್ಯೆಗೆ ನಮ್ಮ ವಿಶ್ವವಿದ್ಯಾಲಯಗಳು ಇನ್ನೂ ಒಂದು ವಿಭಾಗ ತೆರೆದಿಲ್ಲ. ಮನೆಮನೆಯಲ್ಲೂ ಸಂಶೋಧನೆ ಬಿಡುವಿಲ್ಲದೆ ನಡೆದಿರುವಾಗ ವಿಭಾಗದ ಅಗತ್ಯ ಕಾಣದಿದ್ದರೂ ಇರಬಹುದು. ಹಾಗಾಗಿ ಶಾಸ್ತ್ರದ ಮೂಲತತ್ತ್ವಗಳನ್ನಾದರೂ ಇಲ್ಲಿ ನಿರೂಪಿಸಲಾಗುವುದು.

ಇತಿಹಾಸದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮೊಟ್ಟಮೊದಲ ಎಸ್ಸೆಮ್ಮೆಸ್ಸು 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಹೋಯಿತು. ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರು ಕಳಿಸಿದ ಕ್ರಿಸ್‌ಮಸ್ ಶುಭಾಶಯ ಅದು. ಅವರು ಅದನ್ನು ಟೈಪಿಸಿದ್ದು ಕಂಪ್ಯೂಟರಿನಲ್ಲಿ, ತಲುಪಿದ್ದು ಫೋನಿಗೆ. ಒಂದು ಮೆಸೇಜಿಗೆ ಎರಡು ಯಂತ್ರವೆಂಬ ದೋಷ ಜನ್ಮತಃ ಬಂದದ್ದೆಂದು ಇದರಿಂದ ಸಿದ್ಧವಾಗುತ್ತದೆ. ಅಲ್ಲಿಂದ ಮುಂದಿನ ಮಹಾಘಟನೆ 2015ರ ಜನವರಿಯದು. ಅದುವರೆಗೆ ಜೇಬಿನಲ್ಲಿದ್ದ ವಾಟ್ಸಾಪು ಆ ತಿಂಗಳು ಕಂಪ್ಯೂಟರಿನ ಪರದೆಗೆ ಏರಿತು. ಎಸ್ಸೆಮ್ಮೆಸ್ಸಿನ ಮಾತು ಬೇಡ. ಅದಕ್ಕೆ ಈ ತುದಿಯಿಂದ ಆ ತುದಿಯವರೆಗಿನ ಗೂಢಲಿಪಿಯ ರಕ್ಷಣೆಯೇ ಇಲ್ಲ; ಬ್ಯಾಂಕಿನ ಓಟಿಪಿ ಬರುವುದು ಮಾತ್ರ ಅದರಲ್ಲೇ.

ಪೂರ್ವಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆ. 2016ರ ಏಪ್ರಿಲಿನಿಂದ ವಾಟ್ಸಾಪಿನ ಮೆಸೇಜುಗಳೆಲ್ಲ ಗೂಢಲಿಪಿಯಲ್ಲಿ ಹೋಗುತ್ತಿವೆ, ನಡುವೆ ಕಂಪನಿಯವರೂ ಓದಲಾರರು, ಹಾಗಿರುವಾಗ ಇಣುಕುವುದೆಲ್ಲಿಂದ ಬಂತು ಎಂದು. ಸಿದ್ಧಾಂತಿಯ ಉತ್ತರ: ಸ್ವಾಮಿ, ಬೀಗ ಹಾಕಿರುವುದು ದಾರಿಗೆ. ನಮ್ಮ ಶಾಸ್ತ್ರಕಾರರು ದಾರಿಯಲ್ಲಿ ನಿಲ್ಲುವವರಲ್ಲ, ಮನೆಯೊಳಗೇ ಇರುವವರು. ಫೋನೊಂದು, ಅದಕ್ಕೆ ಜೋಡಿಸಬಹುದಾದ ಯಂತ್ರ ನಾಲ್ಕು. ಒಟ್ಟು ಐದು ಕಡೆ ಆ ಗೂಢಲಿಪಿ ತಾನಾಗಿ ಬಿಚ್ಚಿಕೊಂಡು ಅಚ್ಚಗನ್ನಡವಾಗುತ್ತದೆ. ಫೋನನ್ನು 14 ದಿನ ಬಳಸದಿದ್ದರೆ ಜೋಡಿಸಿದ ಯಂತ್ರಗಳು ತಾವೇ ಕಳಚಿಕೊಳ್ಳುತ್ತವೆಂಬುದು ನಿಜ. ಆದರೆ ಅಷ್ಟು ದಿನ ಫೋನು ಮುಟ್ಟದವನ ವೈಕುಂಠ ಸಮಾರಾಧನೆ ಹಿಂದಿನ ದಿನವೇ ಮುಗಿದಿರುತ್ತದೆ.

ಕ್ಷೇತ್ರಕಾರ್ಯದಿಂದ ಒಂದು ನಿದರ್ಶನ. ಮಲ್ಲೇಶ್ವರದ ಒಂದು ಮನೆ, ಸಂಜೆ ಏಳೂವರೆ. ಮೊಮ್ಮಗ ಅಮ್ಮನ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ಟಿವಿಯಲ್ಲಿ ಅಜ್ಜಿಗೆ ಧಾರಾವಾಹಿ ಹಾಕಿಕೊಟ್ಟಿದ್ದಾನೆ. ಖಳನಾಯಕಿ ಹಾಲಿನ ಲೋಟಕ್ಕೆ ಏನೋ ಬೆರೆಸುವ ಹೊತ್ತಿಗೆ ಸರಿಯಾಗಿ ಪರದೆಯ ಬಲಮೂಲೆಯಲ್ಲಿ, ಸೊಸೆಯ ತಂಗಿಯ ಫೋಟೋ ಸಮೇತ, ಮೂಡಿತು: ‘ನಿಮ್ಮತ್ತೆ ಊರಿಗೆ ಹೊರಡೋದು ಯಾವಾಗಂತೆ ಅಕ್ಕಾ?’ ಅಡುಗೆಮನೆಯಲ್ಲಿ ಸೊಸೆ ಇನ್ನೂ ಕೈ ಒರೆಸಿಕೊಂಡು ಫೋನು ಎತ್ತಿಕೊಂಡಿಲ್ಲ. ಅತ್ತೆಯವರು ಟಿವಿಯಿಂದ ಕಣ್ಣು ಕೀಳದೆ, ‘ಅಮಾವಾಸ್ಯೆ ಕಳೀಲಿ ಅಂತ ಹೇಳಮ್ಮಾ’ ಎಂದರು. ಗೂಢಲಿಪಿಗೆ ಎಳ್ಳಷ್ಟೂ ಭಂಗ ಬರಲಿಲ್ಲವೆಂಬುದನ್ನು ಪೂರ್ವಪಕ್ಷದವರು ಗಮನಿಸಬೇಕು. ಮೊಮ್ಮಗನನ್ನು ಮಾತ್ರ ಎರಡು ದಿನ ಯಾರೂ ಮಾತಾಡಿಸಲಿಲ್ಲ.

ಧರ್ಮಶಾಸ್ತ್ರ ಇದಕ್ಕೇನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಆದರೆ ಅವರು ತಡೆದು ನಿಲ್ಲಿಸಿದ್ದು ಸರ್ಕಾರವನ್ನು. ಅತ್ತೆಯವರನ್ನು ತಡೆಯುವ ಪೀಠ ಇನ್ನೂ ರಚನೆಯಾಗಿಲ್ಲ. ಫೋನ್ ಕದ್ದಾಲಿಕೆಯ ಆರೋಪ ಬಂದು 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಮನೆಯಲ್ಲಿ ಕದ್ದೋದಿದವರ ಕೈಯಿಂದ ಟಿವಿ ರಿಮೋಟು ಕೂಡ ಹೋಗುವುದಿಲ್ಲ.

ಪರಿಹಾರವಿಲ್ಲವೆಂದಲ್ಲ. ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ಒತ್ತಿ, ಬೇಡದ್ದನ್ನು ಲಾಗೌಟ್ ಮಾಡಿದರಾಯಿತು. ಒತ್ತಿ ನೋಡಿದವರಿಗೆ ಅಲ್ಲಿ ಒಂದು ಅಪರಿಚಿತ ಕ್ರೋಮ್ ಕಾಣುವುದುಂಟು: ಆಧಾರ್ ಕಾರ್ಡಿನ ಪ್ರಿಂಟಿಗೆಂದು ಜೆರಾಕ್ಸ್ ಅಂಗಡಿಯಲ್ಲಿ ವಾಟ್ಸಾಪ್ ತೆರೆದು, ಚಿಲ್ಲರೆಯ ಜಗಳದಲ್ಲಿ ಮುಚ್ಚಲು ಮರೆತದ್ದು. ಮಗಳ ಜಾತಕ, ಸೈಟಿನ ವ್ಯಾಜ್ಯ, ಷಡ್ಡಕನ ಸಾಲ ಎಲ್ಲವೂ ಅಲ್ಲಿ ದಿನವೂ ತಪ್ಪದೆ ಬಂದು ಬೀಳುತ್ತಿರುತ್ತವೆ. ಇಣುಕುಶಾಸ್ತ್ರಕ್ಕೆ ಅಧ್ಯಯನ ಪೀಠವಾಗುವುದಾದರೆ ಆ ಕೌಂಟರಿನ ಹುಡುಗನೇ ಮೊದಲ ಮುಖ್ಯಸ್ಥನಾಗತಕ್ಕವನು. ಸದ್ಯಕ್ಕೆ ಅವನು ಪುಟಕ್ಕೆ ಎರಡು ರೂಪಾಯಿ ತೆಗೆದುಕೊಳ್ಳುತ್ತಾನೆ, ಕಲರಿಗೆ ಹತ್ತು.