ಗಂಟೆ ಕೂತವನೇ ಉದ್ಯೋಗಸ್ಥ

ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯವರು ಹಳ್ಳಿಯ ಕಿರಾಣಿ ಅಂಗಡಿ ಮುಂದೆ ಟ್ಯಾಬ್ ತೆರೆದು ಕೂತರು.

“ಯಜಮಾನ್ರೇ, ದೊಡ್ಡ ಮಗ ಏನ್ಮಾಡ್ತಾನೆ?”

“ಎಂಜಿನಿಯರಿಂಗ್ ಮುಗಿಸಿ ಮನೇಲವ್ನೆ ಸಾರ್. ನಿರುದ್ಯೋಗಿ ಅಂತ ಬರ್ಕೊಳಿ.”

“ಆತುರ ಬೇಡಿ. ಕಳೆದ ಏಳು ದಿನದಲ್ಲಿ ಒಂದು ಗಂಟೆಯಾದ್ರೂ ಅಂಗಡೀಲಿ ಕೂತಿದ್ನಾ?”

“ನಾನು ಊಟಕ್ಕೋದಾಗ ಕೂತಿದ್ದ. ಸಂಬಳ ಗಿಂಬಳ ಏನಿಲ್ಲ.”

“ಸಂಬಳ ಯಾಕೆ? ವಾರದ ಲೆಕ್ಕದಲ್ಲಿ ಅವನು ಉದ್ಯೋಗಸ್ಥ. ಸ್ವಯಂ ಉದ್ಯೋಗದ ವರ್ಗ!”

“ವರ್ಷದ ಲೆಕ್ಕದಲ್ಲಿ?”

“ಅದಕ್ಕೆ ಮೂವತ್ತು ದಿನ ಕೂತಿದ್ರೆ ಸಾಕು.”

ಈ ಔದಾರ್ಯದ ಫಲ ದೇಶದ ವರದಿಯಲ್ಲಿದೆ. 15 ವರ್ಷ ಮೇಲ್ಪಟ್ಟವರಲ್ಲಿ ಕೆಲಸ ಮಾಡುವವರ ಪಾಲು 2017–18ರಲ್ಲಿ ಶೇ 46.8 ಇದ್ದದ್ದು 2023–24ಕ್ಕೆ ಶೇ 58.2ಕ್ಕೇರಿತು, ನಿರುದ್ಯೋಗ ದರ ಶೇ 6ರಿಂದ ಶೇ 3.2ಕ್ಕಿಳಿಯಿತು. ಹಬ್ಬ ಮಾಡೋಣವೆಂದರೆ, ಅದೇ ಅವಧಿಯಲ್ಲಿ ದುಡಿಯುವವರಲ್ಲಿ ಮಾಸಿಕ ಸಂಬಳದವರ ಪಾಲು ಶೇ 22.8ರಿಂದ ಶೇ 21.7ಕ್ಕೆ ಕುಸಿಯಿತು. ಹಿಗ್ಗಿದ್ದು ಸ್ವಯಂ ಉದ್ಯೋಗ: ಶೇ 52.2ರಿಂದ ಶೇ 58.4. ಮನೆಯ ಕಸುಬಿನಲ್ಲಿ ಬಿಟ್ಟಿ ದುಡಿಯುವವರೂ ಇದರೊಳಗೇ ಸೇರಿದ್ದಾರೆ, ಪಾಪ.

“ನಿಮ್ಮನೆಯವರು?”

“ಎರಡು ಎಮ್ಮೆ ಕಟ್ಟವ್ಳೆ, ಡೇರಿಗೆ ಹಾಲು ಹಾಕ್ತಾಳೆ.”

“ಉದ್ಯೋಗಸ್ಥೆ. ಮಗಳು?”

“ಅಡುಗೆ, ಬಟ್ಟೆ, ನೀರು. ಉಸಿರಾಡೋಕೂ ಪುರುಸೊತ್ತಿಲ್ಲ.”

“ಅವರು ಏನೂ ಕೆಲಸ ಮಾಡ್ತಿಲ್ಲ. ಕಾರ್ಮಿಕ ಬಲದಿಂದ ಹೊರಗೆ. ಚಿಕ್ಕ ಮಗ?”

“ಕೆಪಿಎಸ್‌ಸಿಗೆ ಓದ್ತಾವ್ನೆ. ಪರೀಕ್ಷೆ ಮುಗಿಯೋಗಂಟ ಬೇರೆ ಕೆಲಸ ಕೊಟ್ರೂ ಒಲ್ಲೆ ಅಂತಾನೆ.”

“ಕೆಲಸ ಬೇಡ ಅನ್ನೋನು ನಿರುದ್ಯೋಗಿ ಹೇಗಾಗ್ತಾನೆ? ಅವನೂ ಹೊರಗೆ.”

“ಅಂದ್ರೆ ನಮ್ಮನೇಲಿ ನಿರುದ್ಯೋಗ?”

“ಸೊನ್ನೆ.”

ಯಜಮಾನರು ತಲೆ ಕೆರೆದುಕೊಂಡರು. “ಸಾರ್, ದೊಡ್ಡೋನು ‘ಉದ್ಯೋಗಸ್ಥ’ ಅಂತ ಒಂದು ಸರ್ಟಿಫಿಕೇಟ್ ಬರ್ಕೊಡಿ. ಭಾನುವಾರ ಹೆಣ್ಣಿನ ಕಡೆಯೋರು ಬರ್ತಾವ್ರೆ.”