ಗ್ಯಾರಂಟಿ ಪುಡಿ

(ಬೀದರಿನ ನೌಬಾದದ ಒಂದು ಮೆಡಿಕಲ್ ಅಂಗಡಿ. ಕಾಕಾ ಟೊಮೇಟೊ ಕೊಳ್ಳುವಾಗ ಒಂದೊಂದನ್ನೂ ಒತ್ತಿ ನೋಡುವ ಗಿರಾಕಿ.)

"ತಮ್ಮಾ, ಈ ಪುಡಿ ತಿಂದ್ರ ಶುಗರ್ ಬೇರುಸಹಿತ ಹೋಗ್ತದಂತ. ವಾಟ್ಸಾಪ್‌ನ್ಯಾಗ ಬಂದದ."

"ಯಾರು ಕಳಿಸ್ಯಾರ ಕಾಕಾ?"

"ಭಾಲ್ಕಿ ಬೀಗರು. ಅವರಿಗಿ ಔರಾದದವರು."

"ಔರಾದದವರಿಗಿ?"

"ಬೀಗರಿಗಿ ಅಷ್ಟು ಕೆದಕಬಾರದು. ನೂರು ಮಂದಿಗಿ ಗುಣ ಆಗ್ಯಾದಂತ!"

"ತಿಂದವರೆಷ್ಟು ಮಂದಿ? ಡಾಕ್ಟರ್ ಗುಳಿಗಿ ಬಿಟ್ಟಿದ್ದರೇನು? ಪುಡಿ ತಿನ್ನದವರ ಜೋಡಿ ಹೋಲಿಸಿ ನೋಡ್ಯಾರೇನು?"

"ತಿನ್ನದವರಿಗೇನು ಗೊತ್ತು ಪುಡಿ ರುಚಿ!"

"ಶುಗರ್ ವಾಸಿ ಮಾಡ್ತೀವಂತ ಜಾಹೀರಾತು ಕೊಡೋದೇ 1954ರ ಕಾಯ್ದೆ ಪ್ರಕಾರ ಅಪರಾಧ."

"ನೋಡು! ಸರ್ಕಾರನೇ ಹೆದರ್ಯಾದಂದ್ರ ಪುಡಿ ಪವರ್‌ಫುಲ್ ಇರಲೇಬೇಕು."

"ಬ್ರಿಮ್ಸ್ ದವಾಖಾನಿಗಿ ಹೋಗಿ ರಕ್ತ ತೋರಿಸ್ರಿ."

"ಡಾಕ್ಟರ್ 'ನೋಡೋಣ' ಅಂತಾನ, ಪುಡಿಯವ 'ಗ್ಯಾರಂಟಿ' ಅಂತಾನ."

"ಗುಣ ಆಗದಿದ್ರ ರೊಕ್ಕ ವಾಪಸ್ ಕೊಡ್ತಾನೇನು?"

"ಇಲ್ಲ. ಗುಣ ಆಗದಿದ್ರ ನನ್ನ ನಂಬಿಕಿನೇ ಕಮ್ಮಿ ಬಿದ್ದದಂತ."